ಚಕ್ರವರ್ತಿಗೆ ಪಾಲಿಶ್

ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಹಗಲೆಲ್ಲ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಊರವರ ಟೈಮು ಸರಿಮಾಡುತ್ತಾರೆ. ಮನೆಗೆ ಬಂದರೆ ಅದೇ ಭೂತಗನ್ನಡಿ ಸಿಕ್ಕಿಸಿಕೊಂಡು ಸಾವಿರ ವರ್ಷ ಹಿಂದಕ್ಕೆ ಹೋಗಿಬಿಡುತ್ತಾರೆ. ಹಳೆಯ ನಾಣ್ಯದ ಹುಚ್ಚು. ಚಿನ್ನದ್ದೋ ಬೆಳ್ಳಿಯದೋ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಇವರು ತರಿಸುವುದೆಲ್ಲ ರೋಮನ್ನರ, ಅವರ ಬೆನ್ನಿಗೆ ಬಂದ ಬೈಜಾಂಟೈನರ ಕಾಲದ ತಾಮ್ರದ ಬಿಲ್ಲೆಗಳು. ಮಣ್ಣು ಮೆತ್ತಿದ್ದು, ಅಂಚು ಮುರಿದದ್ದು, ಹೋಟೆಲಿನಲ್ಲಿ ಇಬ್ಬರು ಊಟ ಮಾಡುವ ದುಡ್ಡಿಗೆ ಒಂದು ಹಿಡಿ ಬರುತ್ತವೆ. "ಇಷ್ಟು ಅಗ್ಗಕ್ಕೆ ಚಕ್ರವರ್ತಿ ಸಿಗ್ತಾನೆ ಅಂದ್ರೆ ಬಿಡೋಕಾಗುತ್ತೇನೇ?" ಎಂದು ನನ್ನನ್ನೇ ಕೇಳುತ್ತಾರೆ.

ಆ ಚಕ್ರವರ್ತಿಗಳೆಲ್ಲ ನನ್ನ ಅಡುಗೆಮನೆಯ ಬಟ್ಟಲುಗಳಲ್ಲಿ ನೆನೆಯುತ್ತಾರೆ. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ತಿಂಗಳುಗಟ್ಟಲೆ ನೆನೆಸಿ, ಹಲ್ಲುಕಡ್ಡಿಯಿಂದ ಮಣ್ಣನ್ನು ಕಣಕಣವಾಗಿ ಬಿಡಿಸಬೇಕು. ಮಣ್ಣಿನ ಅಡಿಯಲ್ಲಿ ಕಂದು ಹಸಿರು ಬಣ್ಣದ ಒಂದು ಪೊರೆ ಇರುತ್ತದೆ. ಅದನ್ನು ಮಾತ್ರ ಮುಟ್ಟಕೂಡದು, ಏಕೆಂದರೆ ಮುಖ, ಅಕ್ಷರ ಎಲ್ಲ ನಿಂತಿರುವುದು ಆ ಪೊರೆಯಲ್ಲೇ. ಬೇಡವೆಂದರೂ ಕಿವಿಗೆ ಬಿದ್ದು ಬಿದ್ದು ಇಷ್ಟು ನನಗೂ ಗೊತ್ತಾಗಿಹೋಗಿದೆ.

ಇವರಿಗೆ ಮನುಷ್ಯರನ್ನು ಅಳೆಯಲೂ ನಾಣ್ಯವೇ ಬೇಕು. ಅಂಗಡಿಗೆ ಕೆಲಸ ಕೇಳಿಕೊಂಡು ಬಂದವರ ಕೈಗೆ ಮಣ್ಣುಗಟ್ಟಿದ ಒಂದು ನಾಣ್ಯ ಕೊಟ್ಟು, "ಕ್ಲೀನ್ ಮಾಡ್ಕೊಂಡು ಬನ್ನಿ" ಎನ್ನುತ್ತಾರೆ. ಹೇಗೆ ಎಂದು ಹೇಳುವುದಿಲ್ಲ. ಒಬ್ಬ ಚಾಕುವಿನಿಂದ ಕೆರೆದು ತಂದ. ಇನ್ನೊಬ್ಬ ಮರುದಿನವೇ ಬಂದು, ಇದರಲ್ಲೇನೂ ಇಲ್ಲ ಎಂದ. ಇಬ್ಬರಿಗೂ ಟೀ ಕುಡಿಸಿ ಕಳಿಸಿದರು.

ಹೀಗಾಗಿ ನಮ್ಮ ಮಗಳು ಪುಟ್ಟಿ ತಾನು ಮೆಚ್ಚಿದ ಹುಡುಗನನ್ನು ಮನೆಗೆ ಕರೆತಂದಾಗ, ಇವತ್ತೊಂದು ದಿನ ಇವರಿಗೆ ನಾಣ್ಯದ ನೆನಪಾಗದಿರಲಿ ಎಂದು ದೇವರಿಗೆ ಕೈಮುಗಿದೆ. ಹುಡುಗ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಮಾತು ಕಡಿಮೆ, ನಗು ಜಾಸ್ತಿ. ಕಾಫಿ ಕುಡಿದ ಲೋಟವನ್ನು ತಾನೇ ಎತ್ತಿ ಸಿಂಕಿನಲ್ಲಿಟ್ಟು ಬಂದ, ನನಗೆ ಅಷ್ಟೇ ಸಾಕಾಯಿತು. ಇವರಿಗೆ ಸಾಕಾಗಬೇಕಲ್ಲ! ಒಳಗೆ ಹೋಗಿ ಒಂದು ಮಣ್ಣಿನ ಉಂಡೆ ತಂದು ಅವನ ಅಂಗೈಯಲ್ಲಿಟ್ಟರು.

"ಬೈಜಾಂಟೈನ್ ನಾಣ್ಯ. ಕ್ಲೀನ್ ಮಾಡ್ಕೊಂಡು ಬನ್ನಿ. ಅವಸರ ಏನಿಲ್ಲ."

ಅವನು ಹೋದ ಮೇಲೆ ನನಗೂ ಪುಟ್ಟಿಗೂ ಆಣೆ ಹಾಕಿಸಿದರು. ನೀರು, ಕಡ್ಡಿ, ಪೊರೆ ಯಾವುದರ ಸುದ್ದಿಯನ್ನೂ ಅವನಿಗೆ ಹೇಳಕೂಡದು. ಪುಟ್ಟಿ ಒಪ್ಪಿದಳು. ಆಮೇಲೆ ಪಾತ್ರೆ ಒರೆಸುತ್ತ ನನ್ನ ಹತ್ತಿರ ಮೆಲ್ಲಗೆ ಹೇಳಿದಳು:

"ಅಮ್ಮಾ, ಅಪ್ಪ ಬೇಡ ಅಂದ್ರೆ ನಾನು ಜಗಳ ಆಡಲ್ಲ. ಆದ್ರೆ ಬೇರೆ ಯಾರನ್ನೂ ಮದುವೆ ಆಗಲ್ಲ."

ಅಪ್ಪನ ಹಟ ಮಗಳಿಗೆ ಬರದೆ ಇನ್ನೆಲ್ಲಿಗೆ ಹೋಗುತ್ತದೆ?

ಮಳೆಗಾಲ ಬಂದು ಹೋಯಿತು. ಒಂದು ಭಾನುವಾರ ಬೆಳಿಗ್ಗೆ ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಂದ. ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ಡಬ್ಬಿ ತೆರೆದು ಹತ್ತಿ ಸರಿಸಿದ.

ನಾಣ್ಯ ಫಳಫಳ ಹೊಳೆಯಿತು. ಹೊಸ ನಲ್ಲಿಯ ಹಾಗೆ. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಚಕ್ರವರ್ತಿಯ ಮುಖವೊಂದು ಮಾತ್ರ ಇರಲಿಲ್ಲ.

"ಅಯ್ಯೋ ಮಾರಾಯಾ, ಏನಪ್ಪಾ ಮಾಡಿದೆ!" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ಕೊನೇಲಿ ಪಾಲಿಶ್ ಮಾಡಿದೆ ಆಂಟಿ," ಎಂದ ಅವನು, ನಗು ಅರ್ಧಕ್ಕೆ ನಿಂತಿತ್ತು. "ನಮ್ಮಲ್ಲಿ ಪಾಲಿಶ್ ಮಾಡದೆ ಯಾವ ಕೆಲಸಾನೂ ಕೈ ಬಿಟ್ಟು ಹೋಗಲ್ಲ. ಹಲ್ಲಿನ ಸೆಟ್ಟು ಉಜ್ಜೋ ಮಿಷಿನ್‌ಗೆ ಹಿಡಿದೆ..."

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರಂತೆ. ಪುಟ್ಟಿಯ ಮುಖ ನೋಡಲಾಗದೆ ನಾನು ಗೋಡೆ ನೋಡಿದೆ. ಇವರು ನಾಣ್ಯವನ್ನು ಈ ಕಡೆ ಆ ಕಡೆ ತಿರುಗಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಟೀ ಕುಡಿದು ಹೋಗಿ," ಎಂದರು.

ಆ ಟೀ ಎಂದರೇನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಪುಟ್ಟಿ ಕೂತಲ್ಲಿಂದ ಎದ್ದಳು, ಕಣ್ಣಲ್ಲಿ ನೀರು ತುಂಬಿತ್ತು. "ಪಾಲಿಶ್ ಮಾಡಿದ್ರೆ ಮುಖಾನೇ ಹೋಗುತ್ತೆ ಕಣೋ," ಎಂದಳು ಅವನಿಗೆ.

"ಮುಖ ಹೋಗಿಲ್ವಲ್ಲ," ಎಂದ ಹುಡುಗ. "ಲ್ಯಾಬಲ್ಲಿದೆ."

"ಲ್ಯಾಬಲ್ಲಾ?" ಇವರು ತಲೆ ಎತ್ತಿದರು.

"ಅಚ್ಚು ತೆಗೆದಿಟ್ಟಿದೀನಿ ಸರ್. ಅಚ್ಚು ತೆಗೀದೆ ನಾವು ಯಾವುದಕ್ಕೂ ಕೈ ಹಚ್ಚಲ್ಲ. ಈಗ್ಲೇ ತರ್ತೀನಿ." ಚಪ್ಪಲಿ ಮೆಟ್ಟಿ ಓಡಿದ. ಪುಟ್ಟಿಯೂ ಹಿಂದೆಯೇ ಓಡಿದಳು. ಸ್ಕೂಟರ್ ಸದ್ದು ದೂರವಾಯಿತು.

ಇನ್ನು ನನ್ನ ಸರದಿ. "ರೀ, ಪಾಲಿಶ್ ಮಾಡಬೇಡಪ್ಪಾ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಸೋಪು ತಿನ್ನಬೇಡ ಅಂತ ಯಾರಿಗಾದ್ರೂ ಹೇಳ್ತಾರೇನೇ?"

"ಅವನಿಗೆ ಹೊಳಪೇ ಕೆಲಸ. ನಿಮಗೆ ಕೊಳೆಯೇ ಕೆಲಸ. ಹೇಳದೆ ಅವನಿಗೆ ಹೇಗೆ ಗೊತ್ತಾಗಬೇಕು? ತಪ್ಪು ಅವನದ್ದಲ್ಲ, ನಿಮ್ಮ ಪರೀಕ್ಷೆದು. ಒಂದು ತಾಮ್ರದ ಬಿಲ್ಲೆಗೆ ಮಗಳನ್ನ ಅಳಿಸ್ತೀರಲ್ಲ, ನಿಮಗೇನನ್ನಬೇಕು!"

ಇವರು ಎಂದಿನಂತೆ ಕೈಯಲ್ಲಿದ್ದ ನಾಣ್ಯ ಕೆಳಗಿಟ್ಟು ಕೈಕಟ್ಟಿ ಕೂತರು. ಇವರ ಜೊತೆ ಮಾತಾಡುವುದೂ ಒಂದೇ, ಗೋಡೆ ಗಡಿಯಾರದ ಜೊತೆ ಮಾತಾಡುವುದೂ ಒಂದೇ. ಗಡಿಯಾರವಾದರೂ ಗಂಟೆಗೊಮ್ಮೆ ಬಾಯಿ ಬಿಡುತ್ತದೆ.

ಇಬ್ಬರೂ ಏದುಸಿರು ಬಿಡುತ್ತ ವಾಪಸು ಬಂದರು. ಹುಡುಗ ಒಂದು ಟ್ರೇಯನ್ನು ಮೇಜಿನ ಮೇಲಿಟ್ಟ. ಅದರಲ್ಲಿದ್ದದ್ದು ಒಂದು ಅಚ್ಚಲ್ಲ, ಬಿಳಿ ಪ್ಲಾಸ್ಟರಿನ ಒಂದು ಸಾಲು! ಕೆಲಸ ಮುಂದುವರಿದ ಹಾಗೆಲ್ಲ ಒಂದೊಂದು ತೆಗೆದಿದ್ದ. ಮೊದಲನೆಯದು ಬರೀ ಮಣ್ಣುಂಡೆ. ಮುಂದಿನದರಲ್ಲಿ ಕಿರೀಟದ ತುದಿ. ಆಮೇಲೆ ಒಂದು ಕಣ್ಣು, ಗಡ್ಡ, ಹೆಗಲು, ಸುತ್ತ ಅಕ್ಷರಗಳು. ಸಾಲಿನ ಕೊನೆಯಲ್ಲಿ ಇಡೀ ಚಕ್ರವರ್ತಿ ನಮ್ಮನ್ನೇ ದಿಟ್ಟಿಸುತ್ತಿದ್ದ.

ಇವರು ಭೂತಗನ್ನಡಿ ಸಿಕ್ಕಿಸಿಕೊಂಡರು. "ಯಾತರಲ್ಲಿ ಬಿಡಿಸಿದ್ರಿ?"

"ಹಲ್ಲುಕಡ್ಡಿ ಸರ್. ಕಬ್ಬಿಣ ತಾಗಿಸೋಕೆ ಮನಸ್ಸು ಬರ್ಲಿಲ್ಲ. ದಿನಾ ಊಟದ ಬಿಡುವಲ್ಲಿ ಸ್ವಲ್ಪ ಸ್ವಲ್ಪ."

ಕೊನೆಯ ಅಚ್ಚಿನ ಮೇಲೆ ಇವರ ಕಣ್ಣು ನೆಟ್ಟಿತು. ಆಮೇಲೆ ಹೊಟ್ಟೆ ಕುಲುಕಿಸಿಕೊಂಡು ನಗತೊಡಗಿದರು, ಎಷ್ಟೋ ವರ್ಷದಿಂದ ಆ ನಗು ಕೇಳಿರಲಿಲ್ಲ.

"ಲೇ, ಇಲ್ಲಿ ನೋಡೇ! ಕೆನ್ನೆ ಪಕ್ಕ ಇನ್ನೊಬ್ಬನ ಮೂಗು! ಹಳೇ ರಾಜನ ದುಡ್ಡನ್ನ ಕರಗಿಸೋಕೂ ಪುರುಸೊತ್ತಿಲ್ಲದೆ ಅದರ ಮೇಲೇ ಹೊಸಬನ್ನ ಕುಟ್ಟಿದಾರೆ. ಹಳೇ ಮೂಗು ಜಪ್ಪಯ್ಯ ಅಂದ್ರೂ ಹೋಗಿಲ್ಲ!" ಹುಡುಗನ ಬೆನ್ನಿಗೆ ಒಂದು ಗುದ್ದು ಬಿತ್ತು. "ಇದನ್ನ ಉಳಿಸಿದೀಯಲ್ಲೋ! ನನ್ನ ಕೈಗೆ ಸಿಕ್ಕಿದ್ರೆ ಆ ಮೂಗನ್ನ ಮಣ್ಣು ಅಂದ್ಕೊಂಡು ಕಿತ್ತು ಹಾಕ್ತಿದ್ದೆ."

ಒಳಗೆ ಹೋಗಿ, ಇನ್ನೂ ಒಡೆಯದ ಒಂದು ಪೊಟ್ಟಣ ತಂದು ಮೇಜಿನ ಮೇಲೆ ಸುರಿದರು. ಎಲ್ಲ ಮಣ್ಣುಂಡೆಗಳೇ.

"ಇವು ಪೂರ್ತಿ ಬಿಡಿಸೋಕೆ ವರ್ಷಗಟ್ಟಲೆ ಬೇಕು. ನಿಮ್ಮ ಮನೇಲಿ ಇಟ್ಕೊಳ್ಳಿ."

"ನಮ್ಮ ರೂಮಲ್ಲಿ ಜಾಗ ಇಲ್ಲ ಸರ್, ನಾಲ್ಕು ಜನ ಇದೀವಿ," ಎಂದ ಹುಡುಗ.

"ಅಯ್ಯೋ ಪೆದ್ದೇ," ಎಂದಳು ಪುಟ್ಟಿ, ಅಳುತ್ತ ನಗುತ್ತ. "ನಾವಿಬ್ಬರೂ ಮಾಡೋ ಮನೇಲಿ ಅಂತ."

ಹುಡುಗ ಕಿವಿಯವರೆಗೂ ಕೆಂಪಾದ. ಏನಾದರೂ ಹೇಳಬೇಕಲ್ಲ ಎಂದು ಒಂದು ಉಂಡೆ ಕೈಗೆತ್ತಿಕೊಂಡು ಕೇಳಿದ: "ಆದ್ರೆ ಎಲ್ಲಿ ನಿಲ್ಲಿಸಬೇಕು ಅಂತ ನನಗೆ ಹೇಗೆ ಗೊತ್ತಾಗುತ್ತೆ?"

"ಪುಟ್ಟಿ ಬೈತಾಳೆ," ಎಂದರು ಯಜಮಾನರು, ಭೂತಗನ್ನಡಿ ತೆಗೆಯುತ್ತ. "ಬೈದ ತಕ್ಷಣ ನಿಲ್ಲಿಸು. ನಾನೂ ಅಷ್ಟೇ ಮಾಡಿರೋದು. ಇಷ್ಟು ವರ್ಷ ಇವಳಮ್ಮ ಬೈದಾಗೆಲ್ಲ ಕೈ ನಿಲ್ಲಿಸಿದೀನಿ, ಇವತ್ತೂ ಅಷ್ಟೇ."

ನನ್ನ ಮಾತು ಇವರ ಕಿವಿಗೇ ಬೀಳುವುದಿಲ್ಲ ಎಂದುಕೊಂಡಿದ್ದೆ ನಾನು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಆ ಮಕ್ಕಳಿಗೆ ಕೊಡಲು ನನ್ನಲ್ಲಿದ್ದ ಅತಿ ದೊಡ್ಡ ಬಟ್ಟಲು ಹುಡುಕಲು ಅಡುಗೆಮನೆಗೆ ಹೋದೆ.