ಹಬೀಬ ಚಾಚಾನ ಪೆನ್ಸಿಲ್ ಸಾಲು

ಮೂಲೆಯ ಅಲಮಾರಿಗೆ ಬಡಿದರೆ ಮತ್ತೆ ಖಣ್ ಅಂತು, ಕಟ್ಟಿಗೆಯ ಸದ್ದಲ್ಲ ಇದು, ಒಳಗೆ ಏನೋ ಇದೆ — ಈ ಕಾರವಾನ್ ಗಾಡಿಯ ಮಂಚ ಬಿಚ್ಚಿದ, ಒಲೆಕಟ್ಟೆ ಬಿಚ್ಚಿದ, ಈ ಅಲಮಾರಿಗೆ ಮಾತ್ರ ಬಡಗಿ ಹಬೀಬ ಚಾಚಾ ಕೈ ಹಚ್ಚುವುದಿಲ್ಲ, ನನಗೂ ಹಚ್ಚಗೊಡುವುದಿಲ್ಲ, ಅದು ಇರಲಿ ಬಾಯಿ, ಬಾಯಿ ಅಂತಲೇ ಅವನು ನನ್ನನ್ನು ಕರೆಯುವುದು, ಕಡೀಕ ನಾನೇ ತೆಗಿತೇನಿ, ಯಾಕ ಚಾಚಾ, ತೆಗಿತೇನಿ ಅಂದೆನಲ್ಲರಿ, ಅಷ್ಟೇ, ಆಮೇಲೆ ಕಿವಿಯ ಮೇಲಿನ ಪೆನ್ಸಿಲು ತೆಗೆದು ಅದರ ಹಲಗೆಯ ಮೇಲೆ ಉರ್ದುವಿನಲ್ಲಿ ಒಂದು ಸಾಲು ಗೀಚಿದ, ಹಲಗೆ ಹಲಗೆಗೂ ಅಳತೆ ಬರೆಯುವವನೇ, ಒಪ್ಪಿದೆ, ಆದರೆ ಅಳತೆ ಇಷ್ಟು ಉದ್ದ ಇರುತ್ತದೇನು? ಹೈದರಾಬಾದಿನ ಸಿನಿಮಾದವರಿಂದ ನಾನು ಕೊಂಡ ಹಳೇ ಗಾಡಿ, ನಟಿಯರು ಇದರೊಳಗೇ ಸಿಂಗಾರ ಮಾಡಿಕೊಳ್ಳುತ್ತಿದ್ದರಂತೆ, ಒಂದು ಬಳೆ, ಒಂದು ಡಬ್ಬಿ ಸಂದಿಯಲ್ಲಿ ಬಿದ್ದಿರಬಾರದೆ, ಭಾಲ್ಕಿಯಲ್ಲಿ ಇಪ್ಪತ್ತು ವರ್ಷ ಹೊಲಿದಿದ್ದೇನೆ, ನನ್ನ ಕಣ್ಣು ತಪ್ಪಿಸಿ ಒಂದು ಗುಂಡಿಯೂ ಹೋಗಿಲ್ಲ, ಬರುವ ವಾರ ಔರಾದ ಸಂತೆಯಲ್ಲಿ ಈ ಗಾಡಿಯೇ ನನ್ನ ಅಂಗಡಿ, ಕಿಟಕಿಯ ಕೆಳಗೆ ಮಷೀನು, ಈ ಮೂಲೆಯಲ್ಲಿ ಕನ್ನಡಿ, ಆಮ್ರಪಾಲಿ ಟೇಲರ್ಸ್ ಅಂತ ಬೋರ್ಡೂ ಬರೆಸಿಯಾಗಿದೆ, ಇನ್ನೊಬ್ಬರ ಕಟ್ಟೆಯ ಮೇಲೆ ಕೂತದ್ದು ಸಾಕಾಗಿ ಹೋಗಿದೆ, ನನ್ನದನ್ನು ನನ್ನ ಕಣ್ಣೆದುರೇ ಹೊಡೆದುಕೊಂಡು ಹೋಗಲು ಬಿಡುತ್ತೇನೆಯೇ.

ನಮಾಜಿಗೆ ಹೋಗಿ ಬರ್ತೇನಿ, ಗಾಡಿ ಒಳಗ ಕೂಡಬ್ಯಾಡ್ರಿ, ಸೆಕಿ ಭಾಳ ಅದ — ನೋಡು, ನನ್ನನ್ನು ಹೊರಗಿಡಲು ಸೆಕೆಯ ನೆಪ, ಸ್ಕ್ರೂಡ್ರೈವರು ಅವನ ಚೀಲದಲ್ಲೇ ಇದೆ, ಒಂದು ಸ್ಕ್ರೂ, ಎರಡು, ಆರು, ಹಲಗೆ ಕಳಚಿ ಕಾಲ ಬಳಿ ಬಿತ್ತು, ಒಳಗೆ ಒಂದು ಕಬ್ಬಿಣದ ಪೈಪು, ನೆಲದಿಂದ ಛಾವಣಿಯತನಕ, ಬೇರೇನೂ ಇಲ್ಲ, ಇದರ ಹಿಂದೆ ಇರಬೇಕು, ಅದನ್ನೂ ಎಳೆದೆ, ಕರ್ ಅಂತು, ಛಾವಣಿಯ ಮೂಲೆ ತಲೆಯ ಮೇಲೇ ಇಳಿಯಿತು, ಎರಡೂ ಕೈ ಕೊಟ್ಟು ನಿಂತಿದ್ದೇನೆ, ಬಿಟ್ಟರೆ ಅಂಗಡಿ ಹೋಯಿತು, ನಾನೂ ಹೋದೆ, ಯಾರಾದರೂ ಬರ್ರಿ — ಚಪ್ಪಲಿಯ ಸದ್ದು, ಯಾ ಅಲ್ಲಾ, ಅಂದ ಚಾಚಾ, ಬೈಯಲಿಲ್ಲ, ಭುಜ ಕೊಟ್ಟ, ಪೈಪು ಮತ್ತೆ ನಿಲ್ಲಿಸಿದ, ಈಗ ಕೈ ಬಿಡ್ರಿ ಬಾಯಿ, ನಿಂತದ, ಕೈ ಕೆಳಗೆ ಬರುತ್ತಿಲ್ಲ, ಛಾವಣಿ ಈ ಪೈಪಿನ ಮ್ಯಾಲ ನಿಂತದ ಅಂತ ಮೊದಲ ಹೇಳಬಾರದಿತ್ತಾ ಚಾಚಾ, ಹೇಳಿದ್ರ ಅಂಜಿ ಗಾಡೀನೇ ಬ್ಯಾಡ ಅಂತೀರಿ ಅಂತ ಸುಮ್ಮನಿದ್ದೆ, ಮತ್ತ ಅಲ್ಲಿ ಬರೆದದ್ದೇನು, ಅದಾ, ನನಗ ಮರವು ಭಾಳ ಆಗ್ಯಾದ, ಅದಕ್ಕ ಬರಕೊಂಡಿದ್ದೆ, ಬಾಯಿ ಒಳಗ ಇದ್ದಾಗ ಬಿಚ್ಚಬಾರದು ಅಂತ. ಚಾಚಾ ಚೀಲ ಮುಚ್ಚುತ್ತಿದ್ದಾನೆ, ಏನಾದರೂ ಅನ್ನಬೇಕು, ತಲೆ ಎತ್ತಲಾಗದು, ಕಾಲ ಬಳಿ ಆ ಹಲಗೆ, ಬಲದಿಂದ ಎಡಕ್ಕೆ ಆ ಪೆನ್ಸಿಲ್ ಸಾಲು, ಬಾಯಿ ಒಳಗ ಇದ್ದಾಗ, ಆ ಸಾಲು, ಅದರ ಮೇಲೆ ನನ್ನ ಚಪ್ಪಲಿಯ ಗುರುತು, ಆ ಸಾಲು.