ಹದಿನೇಳು ಒಣಬಾವಿ

ನಾಲ್ಕು ವರ್ಷ ವಿಶ್ವವಿದ್ಯಾಲಯದಲ್ಲಿ ಶುದ್ಧ ಗಣಿತದ ಸಂಶೋಧನೆ ಮಾಡಿದ ಮಗಳು, ಓದು ಸಾಕೆಂದು ಊರಿಗೆ ಬಂದಳು. ಬಾವಿ ತೋಡುವ ಅಪ್ಪ ಜಗಲಿಯಲ್ಲಿ ಗುದ್ದಲಿಗೆ ಮರದ ಕಾವು ಹಾಕುತ್ತಿದ್ದ.

“ಹುಡುಕ್ತಿದ್ದ ಉತ್ತರ ಸಿಕ್ತಾ ಮಗಾ?”

“ಅಂಥ ಉತ್ತರವೇ ಇಲ್ಲ ಅಂತ ಗೊತ್ತಾಯ್ತಪ್ಪ.”

“ಸಿಗಲಿಲ್ವೋ, ಇಲ್ವೋ? ಸರಿಯಾಗಿ ಹೇಳು.”

“ಇಲ್ಲ. ಯಾರು ಎಷ್ಟು ಹುಡುಕಿದ್ರೂ ಸಿಗಲ್ಲ. ಅರವತ್ತು ಪುಟ ಬರೆದು ತೋರಿಸಿದೀನಿ.”

ಒಳಗಿನಿಂದ ಅಮ್ಮ, “ಇಲ್ಲ ಅನ್ನೋಕೆ ಅರವತ್ತು ಪುಟ ಬೇಕಾಯ್ತಾ? ನಾನೇನು ಕೇಳಿದ್ರೂ ನಿಮ್ಮಪ್ಪ ಒಂದೇ ಮಾತಲ್ಲಿ ಇಲ್ಲ ಅಂತಾರೆ” ಎಂದಳು.

ಅಪ್ಪ ಗುದ್ದಲಿ ಕೆಳಗಿಟ್ಟ. ಅವನು ತೋಡಿದ್ದರಲ್ಲಿ ಹದಿನೇಳು ಒಣಬಾವಿ. ಇನ್ನು ಹತ್ತಡಿ ಹೋಗಿದ್ದರೆ ನೀರು ಸಿಗುತ್ತಿತ್ತೇನೋ ಎಂಬ ಕೊರಗು ಒಂದೊಂದರದೂ ಉಳಿದಿತ್ತು.

“ತೋಡೋಕೆ ಮುಂಚೇನೇ ಇಲ್ಲ ಅಂತ ಹೇಳೋ ವಿದ್ಯೆ ಯಾರಾದ್ರೂ ಬಿಡ್ತಾರೇನೇ? ಬೆಳಗ್ಗೆ ಮೊದಲ ಬಸ್ಸಿಗೇ ಹೊರಡು.”