ಊಟಿ ಸೀಟಿಗೆ ಹಿಡಕಲ್ ಪರೀಕ್ಷೆ

ಬೇರೆಯವರ ಬಾಲ್ಯಕ್ಕೆ ಹೊಸ ಬೆಲ್ಲದ ವಾಸನೆಯೋ ಮೊದಲ ಮಳೆಯ ವಾಸನೆಯೋ ಇರುತ್ತದೆ. ಪಾರವ್ವನ ಬಾಲ್ಯಕ್ಕಿರುವುದು ಡೀಸೆಲ್ ವಾಸನೆ. ಕುಲಗೋಡದಿಂದ ಗೋಕಾಕಕ್ಕೆ ಹೋಗುವ ಕೆಂಪು ಬಸ್ಸು, ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಯಾರದೋ ಬುಟ್ಟಿಯೊಳಗಿನ ಕಳಿತ ಬಾಳೆಹಣ್ಣು, ಮುಂದೆ ಕೂತವರ ಮುಡಿಯ ಮಲ್ಲಿಗೆ, ಎಲ್ಲದರ ಮೇಲೆ ಡೀಸೆಲ್. ಅದು ಮೂಗಿಗೆ ಬಡಿದರೆ ಸಾಕು, ಬಸ್ಸು ಊರು ದಾಟುವ ಮೊದಲೇ ಹೊಟ್ಟೆಯೊಳಗಿನದು ಬಾಯಿಗೆ ಬರುತ್ತಿತ್ತು. ಆ ದಾರಿಯ ಕಂಡಕ್ಟರರು ಅವಳಿಗೆ ಟಿಕೆಟ್ ಕೊಡುವ ಮೊದಲು ಕಿಟಕಿ ತೆಗೆದುಕೊಡುತ್ತಿದ್ದರು.

ಅದೇ ಹುಡುಗಿ ಮುಂದೆ ಧಾರವಾಡದಲ್ಲಿ ಕಾಲೇಜು ಓದಿದಳು. ಸಣ್ಣಪುಟ್ಟ ರಜೆಗೆ ಊರಿಗೆ ಬಾರದೆ ಹಾಸ್ಟೆಲಿನಲ್ಲೇ ಉಳಿಯುತ್ತಿದ್ದಳು. ಓದಿನ ಮೇಲೆ ಎಂಥ ಶ್ರದ್ಧೆ ಎಂದು ಊರು ಹೊಗಳಿತು. ಅದು ಶ್ರದ್ಧೆಯಲ್ಲ, ಬಸ್ಸು ಎಂದು ಪಾರವ್ವ ಯಾರಿಗೂ ಹೇಳಲಿಲ್ಲ. ಆಮೇಲೆ ಮೂಡಲಗಿಯ ಹೈಸ್ಕೂಲಿನಲ್ಲಿ ಅವಳಿಗೆ ಸಿಕ್ಕಿದ್ದು ಭೂಗೋಳ ಕಲಿಸುವ ಕೆಲಸ. ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೂಡುವುದು ನೀಲಗಿರಿಯಲ್ಲಿ ಎಂದು ಪ್ರತಿ ವರ್ಷ ಹೇಳುವಾಗ, ನಿನ್ನೆಯಷ್ಟೇ ಅಲ್ಲಿಂದ ಇಳಿದು ಬಂದವಳ ಹಾಗೆ ಕಣ್ಣು ಅರಳಿಸುತ್ತಿದ್ದಳು. ಹೋದದ್ದು ಮಾತ್ರ ಕೋಲಿನ ತುದಿಯಿಂದ, ನಕಾಶೆಯ ಮೇಲೆ. ಶಾಲೆಯ ಪ್ರವಾಸ ಬಂದಾಗಲೆಲ್ಲ ಅವಳ ಮನೆಯಲ್ಲಿ ಯಾರಿಗಾದರೂ ತಪ್ಪದೆ ಜ್ವರ ಬರುತ್ತಿತ್ತು.

ಅವಳು ನಿವೃತ್ತಳಾಗಿ ಎಷ್ಟೋ ವರ್ಷದ ಮೇಲೆ, ಬೆಳಗಿನ ವಾಕಿಂಗಿನ ಜೊತೆಯ ಹೆಂಗಸರು ಡಿಸೆಂಬರಿನಲ್ಲಿ ಊಟಿಗೆ ಹೋಗುವ ಮಾತು ತೆಗೆದರು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಪಾರವ್ವ. ಎತ್ತಿದ ಕೈಯನ್ನು ಎಲ್ಲರೂ ಅನುಮಾನದಿಂದ ನೋಡಿದರು.

"ಅಕ್ಕೋರ, ನಿಮಗ ಗಾಡಿ ಆಗಿಬರೂದಿಲ್ಲಲ್ರಿ," ಎಂದಳು ರಾಜೇಶ್ವರಿ. ಒಂದು ಕಾಲಕ್ಕೆ ಪಾರವ್ವನ ವಿದ್ಯಾರ್ಥಿನಿ. ಈಗ ಮೊಮ್ಮಕ್ಕಳ ಅಜ್ಜಿ, ಈ ಪ್ರವಾಸದ ಮುಖಂಡಳು. "ಅಲ್ಲಿ ಘಾಟಿನಾಗ ಮೂವತ್ತಾರು ತಿರುವ ಅದಾವಂತ."

"ಅದೆಲ್ಲಾ ಸಣ್ಣಾಕಿ ಇದ್ದಾಗ. ಈಗ ಏನೂ ಇಲ್ಲ."

"ಮೊನ್ನಿ ಅರಭಾವಿಗೆ ಆಟೋದಾಗ ಹೋದಾಗ ಏನಾತವಾ?" ಎಂದಳು ಗುಡ್ಡವ್ವ. ಪಾರವ್ವನ ವಾರಿಗೆಯವಳು, ಓಣಿಯವಳು. ಬೇರೆಯವರ ಸುಳ್ಳು ಕೇಳಿದರೆ ಅವಳ ನಾಲಿಗೆ ಸುಮ್ಮನಿರದು.

"ಅವತ್ತ ಅವಲಕ್ಕಿ ಕೆಟ್ಟಿತ್ತು."

"ಅದ ಅವಲಕ್ಕಿ ನಾನೂ ತಿಂದಿದ್ನಲ್ಲ!"

ರಾಜೇಶ್ವರಿ ಒಂದು ದಾರಿ ಹುಡುಕಿದಳು. ಬರುವ ರವಿವಾರ ಎಲ್ಲರೂ ಗೋಕಾಕ ಫಾಲ್ಸ್, ಧೂಪದಾಳ, ಹಿಡಕಲ್ ಡ್ಯಾಮ್ ನೋಡಿಕೊಂಡು ಹುಕ್ಕೇರಿ ಮೇಲೆ ತಿರುಗಿ ಬರುವುದು. ಗುಡ್ಡವೂ ಆಯಿತು, ಕೆರೆಯೂ ಆಯಿತು. ವಾಂತಿಯಿಲ್ಲದೆ ಮನೆ ಮುಟ್ಟಿದರೆ ಅಕ್ಕೋರಿಗೆ ಊಟಿಯ ಸೀಟು, ಇಲ್ಲದಿದ್ದರೆ ಇಲ್ಲ.

ಜೀವನವಿಡೀ ಪರೀಕ್ಷೆ ಮಾಡಿದವಳಿಗೆ ಎಪ್ಪತ್ತು ದಾಟಿದ ಮೇಲೆ ಪರೀಕ್ಷೆ ಬಂತು. ಪಾರವ್ವ ನಕ್ಕಳು, ಒಳಗೆ ಮಾತ್ರ ನಗು ಬರಲಿಲ್ಲ. ಈ ಸಲ ತಪ್ಪಿದರೆ ನೀಲಗಿರಿ ನಕಾಶೆಯ ಮೇಲೇ ಉಳಿಯುತ್ತದೆ. ಈ ವಯಸ್ಸಿನಲ್ಲಿ ಒಮ್ಮೆ ಬಿಟ್ಟುಹೋದವರನ್ನು ಇನ್ನೊಮ್ಮೆ ಯಾರೂ ಕರೆಯುವುದೂ ಇಲ್ಲ.

ಅವಳು ಶಾಸ್ತ್ರೀಯವಾಗಿ ಯೋಚಿಸಿದಳು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ತಾನೇ ಹೊರಗೆ ಬರುವುದು? ಶನಿವಾರ ಮಧ್ಯಾಹ್ನದ ಮೇಲೆ ಒಂದು ಅಗುಳನ್ನೂ ಬಾಯಿಗೆ ಹಾಕಲಿಲ್ಲ. ಇಂಥ ಉಪಾಯ ಇಷ್ಟು ವರ್ಷ ಹೊಳೆಯದೆ ಇದ್ದುದಕ್ಕೆ ತನ್ನ ಪದವಿಯ ಬಗ್ಗೆಯೇ ಕೊಂಚ ನಾಚಿಕೆಯಾಯಿತು.

ರವಿವಾರ ಬೆಳಿಗ್ಗೆ ಕ್ರೂಸರ್ ಬಂತು. ಗಾಡಿ ಶಮಶೇರನದು; ಪಾರವ್ವನ ನೆರೆಮನೆಯ ನಸೀಮಾಬಿಯ ತಂಗಿಯ ಮಗ. ಮುಂದಿನ ಸೀಟಿನ ಬಾಗಿಲು ತೆಗೆದು ರಾಜೇಶ್ವರಿ, "ನೀವ ಮುಂದ ಕೂಡ್ರಿ ಅಕ್ಕೋರ. ನನಗ ಅಲ್ಲಿ ಮೊಣಕಾಲ ಹಿಡಿತಾವ," ಎಂದಳು. ಗಾಡಿಯೊಳಗೆ ಯಾರ ಮುಡಿಯಲ್ಲೂ ಹೂವಿರಲಿಲ್ಲ. ಊರಿಗೆಲ್ಲ ಗೊತ್ತಾಗುವಷ್ಟು ಅತ್ತರು ಪೂಸಿಕೊಳ್ಳುವ ನಸೀಮಾಬಿಯ ಹತ್ತಿರವೂ ಅವತ್ತು ಬರಿಯ ಸಾಬೂನಿನ ವಾಸನೆ. ತುಟ್ಟಿಯ ಕಾಲ, ಪಾಪ, ಅತ್ತರು ಮುಗಿದಿರಬೇಕು ಎಂದುಕೊಂಡಳು ಪಾರವ್ವ. ಯಾರು ಯಾರಿಗೆ ಏನು ಒಳ್ಳೆಯದು ಮಾಡಿದರು ಎಂಬ ಸಣ್ಣ ಸಂಗತಿಯೂ ತನ್ನ ಕಣ್ಣು ತಪ್ಪಿಸುವುದಿಲ್ಲವೆಂದು ಅವಳಿಗೆ ಒಂದು ಹೆಮ್ಮೆಯಿತ್ತು. ರಾಜೇಶ್ವರಿಯ ಮೊಣಕಾಲಿಗೆ ಎಣ್ಣೆ ಕಾಯಿಸಿ ಕೊಡಬೇಕೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಗುಡ್ಡವ್ವ ಚುರುಮುರಿ ಚೀಲ ಮುಂದೆ ಚಾಚಿದಳು.

"ಬ್ಯಾಡವಾ. ಇವತ್ತ ನನ್ನ ಉಪಾಸ."

"ರವಿವಾರ ಯಾವ ದೇವರ ಉಪಾಸ?"

ಪಾರವ್ವ ಇದಕ್ಕೆ ತಯಾರಾಗಿರಲಿಲ್ಲ. "ಸೂರ್ಯಂದು," ಎಂದಳು.

"ಕೊಳ್ಳಾಗ ಲಿಂಗ ಕಟ್ಟಿಕೊಂಡು ಸೂರ್ಯಗ ಉಪಾಸ? ನಿನ್ನ ಶಿವಾ ಕೇಳಿದ್ರ ಏನ ಹೇಳ್ತಿ?"

"ಭೂಗೋಳದ ಅಕ್ಕೋರ ಅಲ್ಲೇನ," ಎಂದಳು ನಸೀಮಾಬಿ ಹಿಂದಿನಿಂದ. "ಅವರಿಗೆ ಭೂಮಿ, ಸೂರ್ಯ ಎಲ್ಲಾ ಬಳಗ."

ಗೋಕಾಕ ದಾಟಿ ಫಾಲ್ಸಿನ ಏರು ಹತ್ತಿದಾಗ ಪಾರವ್ವ ಉಸಿರು ಹಿಡಿದಳು. ಎಡಕ್ಕೆ ಕಲ್ಲುಗುಡ್ಡ, ಬಲಕ್ಕೆ ಕಣಿವೆ. ತಿರುವು ಬಂತು, ಹೋಯಿತು, ಹೊಟ್ಟೆ ಅಲುಗಲಿಲ್ಲ. ಇನ್ನೊಂದು ತಿರುವು, ಆಗಲೂ ಇಲ್ಲ. ಕ್ಯಾನು ಕಟ್ಟಿಕೊಂಡ ಹಾಲಿನವನೊಬ್ಬ ಹಳೆಯ ಲೂನಾದಲ್ಲಿ ಇವರನ್ನು ಹಿಂದೆ ಹಾಕಿ ಹೋದ. ಶಮಶೇರ ಬಹಳ ಸಂಭಾವಿತ ಹುಡುಗ, ಹಾಲಿನವನಿಗೂ ದಾರಿ ಬಿಡುತ್ತಾನೆ ಎಂದು ಅವಳಿಗೆ ಮೆಚ್ಚಿಗೆಯಾಯಿತು.

ಫಾಲ್ಸಿನಲ್ಲಿ ಘಟಪ್ರಭೆ ಕೆಂಪಗೆ ತುಂಬಿ ಬಂಡೆಯಂಚಿನಿಂದ ಒಮ್ಮೆಲೆ ಕೆಳಗೆ ಬೀಳುತ್ತಿತ್ತು. ಮಂಜಿನಂತೆ ಎದ್ದ ತುಂತುರು ಕನ್ನಡಕದ ಮೇಲೆ ಕೂತಿತು. ಚಿಕ್ಕಂದಿನಲ್ಲಿ ಅಪ್ಪ ಇಲ್ಲಿಗೆ ಕರೆತಂದಿದ್ದ. ಆಗ ಅವಳು ನೋಡಿದ್ದು ರಸ್ತೆಯ ಬದಿಯ ಗಟಾರವನ್ನು ಮಾತ್ರ. ಈಗ ಕಣ್ತುಂಬ ನೋಡಿದಳು. ನೋಡಿ ಸುಮ್ಮನಿರಬೇಕಿತ್ತು. ಹಸಿದ ಹೊಟ್ಟೆಗೆ ಮಾತು ಹೆಚ್ಚು. ನೀರು ಬಂಡೆಯನ್ನು ಹೇಗೆ ಕೊರೆಯುತ್ತದೆಂದು ಸಣ್ಣ ಪಾಠವನ್ನೇ ಶುರುಮಾಡಿದಳು. ಹೆಂಗಸರು ಫೋಟೋ ತೆಗೆದುಕೊಳ್ಳುತ್ತಲೇ "ಹೌದ್ರಿ, ಹೌದ್ರಿ" ಎಂದರು. ಧೂಪದಾಳದ ನೀರಿನ ಮೇಲೆ ಬಿಳಿ ಹಕ್ಕಿಗಳು ಎದ್ದಾಗ ಹಕ್ಕಿಗಳ ವಲಸೆಯ ಪಾಠವೂ ಆಯಿತು.

ಹಿಡಕಲ್‌ನಲ್ಲಿ ನಿಜವಾದ ಕಷ್ಟ ಕಾದಿತ್ತು. ಗುಡ್ಡಗಳ ನಡುವೆ ನೀರು ಕಣ್ಣು ಹರಿಯುವಷ್ಟು ದೂರ ಹಾಸಿತ್ತು. ಮೋಡದ ನೆರಳೊಂದು ಅದರ ಮೇಲೆ ನಿಧಾನವಾಗಿ ಸಾಗುತ್ತಿತ್ತು. ಎಲ್ಲರೂ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ ಮುರಿಯುವ ಸದ್ದು. ಎಣ್ಣೆಗಾಯಿ ಬದನೆಕಾಯಿ. ನಸೀಮಾಬಿಯ ಡಬ್ಬಿಯಲ್ಲಿ ಶೇಂಗಾ ಹೋಳಿಗೆ, ರಾಜೇಶ್ವರಿಯದರಲ್ಲಿ ಮೊಸರನ್ನ. ಪಾರವ್ವ ಎದ್ದು ಹೋಗಿ ಬೆನ್ನು ತಿರುಗಿಸಿ ನೀರಿನ ಕಡೆ ಮುಖ ಮಾಡಿ ನಿಂತಳು.

"ನೋಡ್ರಿ, ನಿಸರ್ಗದಾಗ ಹೆಂಗ ಮುಳುಗ್ಯಾರ ಅಕ್ಕೋರು," ಎಂದಳು ರಾಜೇಶ್ವರಿ.

ಅಕ್ಕೋರ ಕಣ್ಣಿಗೆ ಆಚೆ ದಡದ ಗುಡ್ಡ ಮಗುಚಿಟ್ಟ ಮೊಸರನ್ನದ ಬೋಗುಣಿಯಂತೆ ಕಾಣುತ್ತಿತ್ತು.

ಸಂಜೆ ಹುಕ್ಕೇರಿ ಮುಟ್ಟುವ ಹೊತ್ತಿಗೆ ವಾಂತಿಯ ಸುಳಿವೂ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಪರೀಕ್ಷೆ ಮುಗಿದಿತ್ತು. ಪಾರವ್ವ ಹಿಂದೆ ತಿರುಗಿ ಕೂತು ಉಪದೇಶಕ್ಕೆ ತೊಡಗಿದಳು. "ಇದೆಲ್ಲಾ ಮನಸಿನ ಆಟರಿ. ಮನಸ ಗಟ್ಟಿ ಇದ್ರ ಹೊಟ್ಟಿ ಹೇಳಿದ್ಹಂಗ ಕೇಳತೈತಿ. ನಾ ಊಟಿಗೆ ಹಿಂದಿನ ಸೀಟಿನಾಗ ಕೂತೂ ಬರ್ತೇನಿ."

ಗುಡ್ಡವ್ವ ಮೂಗಿನಲ್ಲಿ ಏನೋ ಸದ್ದು ಮಾಡಿದಳು.

ಚಹಾಕ್ಕೆಂದು ಗಾಡಿ ನಿಂತಿತು. ಗಟ್ಟಿ ಮನಸ್ಸಿನ ಪಾರವ್ವ ಕೆಳಗಿಳಿದಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಹುಕ್ಕೇರಿ ಪೇಟೆ ಒಂದು ಸುತ್ತು ತಿರುಗಿತು. ಕಣ್ಣಿಗೆ ಕತ್ತಲೆ ಬಂತು. ನಸೀಮಾಬಿ ರಟ್ಟೆ ಹಿಡಿದು ಅಂಗಡಿಯ ಕಟ್ಟೆಯ ಮೇಲೆ ಕೂಡಿಸಿದಳು. ಯಾರೋ ನೀರು ಚಿಮುಕಿಸಿದರು.

"ಖಾಲಾ, ಇನ್ನೂ ಸಾವಕಾಶ ಹೊಡಿಬೇಕಿತ್ತೇನ?" ಶಮಶೇರ ಗಾಬರಿಯಾಗಿ ನಸೀಮಾಬಿಯನ್ನು ಕೇಳಿದ. "ಇದಕ್ಕಿಂತ ಸಾವಕಾಶ ಹೊಡದ್ರ ಗಾಡಿ ಬಂದ್ ಬೀಳತೈತಿ."

ನಸೀಮಾಬಿ ಸುಮ್ಮನಿರೆಂದು ಕಣ್ಸನ್ನೆ ಮಾಡಿದಳು. ತಡವಾಗಿತ್ತು. ಪಾರವ್ವ ಕನ್ನಡಕ ಒರೆಸಿಕೊಂಡು ಒಬ್ಬೊಬ್ಬರ ಮುಖ ನೋಡಿದಳು. ಹಾಲಿನವನ ಲೂನಾ ನೆನಪಾಯಿತು.

"ಗುಡ್ಡವ್ವಾ, ನೀ ಹೇಳ. ನಿನಗ ಸುಳ್ಳ ಬರೂದಿಲ್ಲ."

"ಏನ ಹೇಳ್ಲಿ?" ಬೆಳಗಿನಿಂದ ಬಾಯಿ ಕಟ್ಟಿಕೊಂಡಿದ್ದ ಗುಡ್ಡವ್ವನಿಗೆ ಕಟ್ಟೆ ಒಡೆದಂತಾಯಿತು. "ಹೂವು ಮುಡಿಬ್ಯಾಡ್ರಿ ಅಂದ್ಳು ಈ ರಾಜೇಶ್ವರಿ. ಅತ್ತರ ಬ್ಯಾಡ, ಬಾಳಿಹಣ್ಣ ತರಬ್ಯಾಡ್ರಿ ಅಂದ್ಳು. ಈಕಿ ಮೊಣಕಾಲಿಗೆ ಏನ ಧಾಡಿ ಆಗೈತಿ? ದಿನಾ ನಮಗಿಂತ ಮುಂದ ಓಡ್ತಾಳ! ನಿನ್ನ ಪಾಸ್ ಮಾಡಾಕ ಎಲ್ಲಾರೂ ಕೂಡಿ ಕಾಪಿ ಹೊಡಿಸೇವಿ ತಗೋ!"

ಇಡೀ ನೌಕರಿಯಲ್ಲಿ ಪರೀಕ್ಷೆಯ ಹಾಲ್‌ನಲ್ಲಿ ಹದ್ದಿನಂತೆ ಸುತ್ತಿ ಅಂಗೈ, ಲಂಗದ ಅಂಚು ತಪಾಸಣೆ ಮಾಡಿದವಳು ಪಾರವ್ವ. ಈಗ ಸಾಮೂಹಿಕ ನಕಲಿನಲ್ಲಿ ಪಾಸಾಗುತ್ತಿದ್ದಳು. ಅದೂ ತನಗೇ ಗೊತ್ತಿಲ್ಲದೆ, ಮೇಲೆ ಮನಸ್ಸಿನ ಗಟ್ಟಿತನದ ಮೇಲೆ ಭಾಷಣ ಮಾಡುತ್ತ. ಮೊದಲು ಕಿವಿ ಬಿಸಿಯಾಯಿತು. ಆಮೇಲೆ ನಗು ಬಂತು. ನಗಲಿಕ್ಕೂ ಶಕ್ತಿ ಇಲ್ಲದ್ದರಿಂದ ಅದು ಬಿಕ್ಕಳಿಕೆಯಂತೆ ಕೇಳಿಸಿತು.

"ನಂದೂ ಒಂದ ಕಾಪಿ ಐತಿ," ಎಂದಳು. "ಸೂರ್ಯನ ಉಪಾಸ ಸುಳ್ಳ. ನಿನ್ನಿ ಮಧ್ಯಾಹ್ನದಿಂದ ಏನೂ ತಿಂದಿಲ್ಲ, ಹೊಟ್ಟ್ಯಾಗ ಏನೂ ಇರಬಾರದಂತ."

ಗುಡ್ಡವ್ವ ಹಣೆ ಬಡಿದುಕೊಂಡಳು.

"ಊಟಿಗೆ ಹೋಗಿಬರಾಕ ವಾರ ಬೇಕ," ಎಂದಳು ರಾಜೇಶ್ವರಿ. "ವಾರಗಟ್ಲೆ ಹಿಂಗ ಇರಾವ್ರಿದ್ರೇನ?"

ಪಾರವ್ವ ಅಷ್ಟು ದೂರ ಯೋಚಿಸಿರಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವಳಿಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ.

"ಈಗರೆ ಏನಾರ ತಿನ್ರಿ."

"ಬ್ಯಾಡ. ಇನ್ನೂ ಮೂಡಲಗಿ ದೂರ ಐತಿ. ತಿಂದ್ರ ಖರೇನ ಕಾರಿಕೊಳ್ತೇನಿ, ಫೇಲ್ ಆಗ್ತೇನಿ." ಇದನ್ನು ಹೇಳುವಾಗ ಅವಳ ದನಿ, ಕಿಟಕಿಯ ಪಕ್ಕ ಕೂತ ಸಣ್ಣ ಹುಡುಗಿಯದೇ ಆಗಿತ್ತು. "ನಾ ಒಮ್ಮೆರೆ ನೀಲಗಿರಿ ನೋಡಬೇಕ, ರಾಜೂ."

ರಾಜೇಶ್ವರಿ ಎದ್ದು ಗಾಡಿಯ ಹತ್ತಿರ ಹೋದಳು. ಹಿಂದಿನ ಸೀಟಿನ ಕೆಳಗೆ ಏನೋ ಹುಡುಕುವುದು ಕಾಣಿಸಿತು. ಉಳಿದವರು ಚಹಾದ ಲೋಟಗಳ ಕಡೆ ನೋಡುತ್ತ ಕೂತರು. ಅವಳು ತಿರುಗಿ ಬಂದು ಪಾರವ್ವನ ಪಕ್ಕದಲ್ಲಿ ಕೂತಳು. ಮೊದಲು ಅವಳ ಮಡಿಲಲ್ಲಿ ನಾಲ್ಕು ಮಡಿಕೆಯಾಗಿ ಮಡಿಚಿದ ಖಾಲಿ ಕ್ಯಾರಿಬ್ಯಾಗ್ ಒಂದನ್ನು ಇಟ್ಟಳು. ಅದರ ಮೇಲೆ, ಮುಚ್ಚಳ ತೆಗೆದು, ಮೊಸರನ್ನದ ಡಬ್ಬಿ ಇಟ್ಟಳು.